ಸೌದಿ ವೀಸಾ ಫಾರಂನಾಗ ಧರ್ಮದ ಕಾಲಂ ಐತಿ, ಏನ್ ತುಂಬ್ಲಿ?

ಗಿರ್ಮಿಟ್_ಗದಗ:
ಎಲ್ಲಾರಿಗೂ ನಮಸ್ಕಾರ್ರಿ. ಜುಬೈಲ್‌ನಾಗ ಪ್ಲಾಂಟ್ ಮೆಂಟೇನನ್ಸ್ ಕೆಲಸ ಸಿಕ್ಕೈತಿ, ಮುಂದಿನ ತಿಂಗಳು ಹೊಂಟೀನಿ. ವೀಸಾ ಫಾರಂ ತುಂಬಾಕ ಕುಂತ್ರ ಧರ್ಮ ಅಂತ ಒಂದು ಕಾಲಂ ಐತಿ. ನಾವು ಲಿಂಗಾಯತ್ರು, ನಮ್ಮಪ್ಪ 2018ರಾಗ ಸರ್ಕಾರ ಪ್ರತ್ಯೇಕ ಧರ್ಮದ ಶಿಫಾರಸು ಕಳಿಸಿದಾಗ ಓಣಿ ತುಂಬಾ ಪೇಡಾ ಹಂಚಿದಾಂವ, ಹಂಗಾಗಿ ಮನ್ಯಾಗ ಲಿಂಗಾಯತ ಅಂತನ ಬರಿ ಅಂತಾರ. ಏಜೆಂಟ್ ಫೋನ್ ಮಾಡಿ "ಹಿಂದೂ ಅಂತ ಹಾಕ್ರಿ ಸರ್, ನಿಮ್ಮ ಮನಿ ಜಗಳ ಅಲ್ಲಿ ಸಿಸ್ಟಂಗೆ ತಿಳಿಯಂಗಿಲ್ಲ" ಅಂದ. ನನ್ನ ಗೆಳ್ಯಾ ಒಬ್ಬಾಂವ ನಾಸ್ತಿಕ, ಅಂವ ಖಾಲಿ ಬಿಡು ಅಂತಾನ. ಹೋಗಿ ಬಂದವ್ರು ಹೇಳ್ರಿ, ಇದನ್ನ ಯಾಕ ಕೇಳ್ತಾರ? ಮತ್ತ ಅಲ್ಲಿ ದೇವರ ಪೂಜಿ ಗೀಜಿ ಮಾಡಾಕ ಬಿಡ್ತಾರೇನು?

ದಮ್ಮಾಮ್_ಭಟ್ರು:
ಏಜೆಂಟ್ ಹೇಳಿದ್ದು ಸರಿ ಉಂಟು ಮಾರಾಯ, ಹಿಂದೂ ಅಂತ ಹಾಕಿ ಸುಮ್ಮನೆ ಹೋಗು. ಖಾಲಿ ಬಿಡುದು, ಧರ್ಮ ಇಲ್ಲ ಅಂತ ಬರೆಯುದು ಎಲ್ಲ ಮಾಡ್ಲಿಕ್ಕೆ ಹೋಗ್ಬೇಡ, ಸೌದಿಯಲ್ಲಿ ನಾಸ್ತಿಕತೆ ಹೇಳಿದ್ರೆ ತಮಾಷೆ ಅಲ್ಲ, 2014ರಲ್ಲಿ ಅವರ ಗೃಹ ಇಲಾಖೆ ಅದನ್ನು ಭಯೋತ್ಪಾದನೆಯ ಪಟ್ಟಿಗೇ ಸೇರಿಸಿದ್ದುಂಟು. ಯಾಕೆ ಕೇಳ್ತಾರೆ ಹೇಳಿದ್ರೆ, ನಾವು ಹೋಗುವ ಕಾಲಕ್ಕೆ ಇಕಾಮಾ (ಅಲ್ಲಿ ಇರ್ಲಿಕ್ಕೆ ಕೊಡುವ ಪರವಾನಗಿ) ಹೇಳುದು ಸಣ್ಣ ಪುಸ್ತಕ, ಮುಸ್ಲಿಮರಿಗೆ ಹಸಿರು ರಟ್ಟು, ಉಳಿದವರಿಗೆಲ್ಲ ಕಂದು ರಟ್ಟು. ಕಿಸೆಯಿಂದ ತೆಗೆಯುವಾಗಲೇ ನೀನು ಯಾರು ಅಂತ ಗೊತ್ತಾಗ್ತಿತ್ತು, ಒಳಗೆ ಓದುವ ಅಗತ್ಯವೇ ಇಲ್ಲ. ಮಕ್ಕಾಕ್ಕೆ ಹೋಗುವ ರಸ್ತೆಯಲ್ಲಿ ಮುಸ್ಲಿಮೇತರರಿಗೆ ಬೇರೆ ದಾರಿ ಅಂತ ದೊಡ್ಡ ಬೋರ್ಡು, ನಮ್ಮ ಡ್ರೈವರ್ ಒಬ್ಬ ಲೋಡ್ ತೆಗೊಂಡು ಹೋಗುವಾಗ ಅಲ್ಲಿ ತಿರುಗಿಸಿ ಸುತ್ತು ಹೊಡೆದು ಹೋಗ್ತಿದ್ದ.

ಪೂಜೆ ರೂಮಿನೊಳಗೆ. ದೇಶದಲ್ಲಿ ದೇವಸ್ಥಾನ ಇಲ್ಲ, ಚರ್ಚೂ ಇಲ್ಲ, ಇವತ್ತಿಗೂ ಇಲ್ಲ. ಚೌತಿಗೆ ನಾವು ಏಳೆಂಟು ಜನ ಒಬ್ಬರ ಫ್ಲಾಟಿನಲ್ಲಿ ಸೇರ್ತಿದ್ದೆವು, ಎರಡು ಪರದೆ ಎಳೆದು, ಗಂಟೆ ಬದಲು ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಕುಟ್ಟುದು, ಅದೂ ಮೆಲ್ಲಗೆ. ಒಮ್ಮೆ ಮಂಗಳಾರತಿ ಹೊತ್ತಿಗೆ ಸರಿಯಾಗಿ ಬಾಗಿಲು ಬಡಿದ್ರು, ಎಲ್ಲರೂ ಉಸಿರು ಬಿಗಿ ಹಿಡಿದದ್ದು, ನೋಡಿದ್ರೆ ನೀರಿನ ಕ್ಯಾನ್ ತಂದ ಹುಡುಗ. ಕರ್ಪೂರದ ಹೊಗೆ ನೋಡಿ ಅವನು "ಅಡುಗೆ ಸೀದಿದೆಯಾ" ಅಂತ ಕೇಳಿದ. ಈಗ ಅಷ್ಟು ಹೆದರಿಕೆ ಇಲ್ಲ, ಮುತವ್ವಾ ಹೇಳುವ ಧಾರ್ಮಿಕ ಪೊಲೀಸರ ಬಂಧಿಸುವ ಅಧಿಕಾರ 2016ರಲ್ಲಿ ತೆಗೆದ್ರು. ಬೇಕಾದ್ರೆ ರಜೆಯಲ್ಲಿ ಸಮುದ್ರದ ಮೇಲಿನ ಸೇತುವೆ ರಸ್ತೆ, ಕಾಸ್‌ವೇ, ದಾಟಿ ಬಹರೈನಿಗೆ ಹೋಗು, ಮನಾಮಾದಲ್ಲಿ ಶ್ರೀನಾಥಜಿ ದೇವಸ್ಥಾನ ಉಂಟು, ಸಿಂಧಿ ವ್ಯಾಪಾರಿಗಳು ಕಟ್ಟಿದ್ದು, ಇನ್ನೂರು ವರ್ಷ ಹಳತು. ಸಮುದ್ರ ಅದೇ, ಭಾಷೆ ಅದೇ, ಅರಸ ಮಾತ್ರ ಬೇರೆ.

ಬಜಪೆ_ಬಾಯಮ್ಮ:
ಭಟ್ರೇ ಚಮಚದ ಕಥೆ ಓದಿ ನಗು ಬಂತು, ಬೇಜಾರೂ ಆಯ್ತು. ನಾನು ದುಬೈಯಲ್ಲಿ 19 ವರ್ಷ ಇದ್ದವಳು, ನಾವು ಕೊಂಕಣಿ ಕ್ಯಾಥೊಲಿಕರು. ದುಬೈ ಬೇರೆಯೇ. ಊದ್ ಮೇತಾದ ಸೇಂಟ್ ಮೇರಿಸ್ 1967ರಿಂದ ಉಂಟು, ಜಾಗ ಅರಸರು ಕೊಟ್ಟದ್ದು. ನಮಗೆ ಆದಿತ್ಯವಾರದ ಪೂಜೆ ಶುಕ್ರವಾರ ಆಗ್ತಿತ್ತು, ಯಾಕಂದ್ರೆ ಆಗ ಶುಕ್ರವಾರ ರಜೆ. ಒಂದೇ ಕಾಂಪೌಂಡಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಇಂಗ್ಲಿಷ್, ಮಲಯಾಳಂ, ತಗಲೊಗ್, ಕೊಂಕಣಿ, ಉರ್ದು, ಅರಬಿ ಅಂತ ಒಂದರ ಹಿಂದೆ ಒಂದು ಪೂಜೆ, ಹೊರಗೆ ಬರುವವರು ಒಳಗೆ ಹೋಗುವವರು ಗುದ್ದಾಡಿಕೊಂಡು, ಹೀಲ್ಸ್ ಹಾಕಿದ್ರೆ ಮುಗೀತು ಕಥೆ. 2022 ಜನವರಿಯಲ್ಲಿ ಸರ್ಕಾರ ರಜೆಯನ್ನು ಶನಿವಾರ ಆದಿತ್ಯವಾರಕ್ಕೆ ಬದಲು ಮಾಡಿದ ಮೇಲೆ ನನ್ನ ಮಗಳು ಕೇಳಿದ್ದು, "ಮಮ್ಮಿ, ಆದಿತ್ಯವಾರ ಯಾಕೆ ಚರ್ಚಿಗೆ?" ಅಂತ. ಅವಳ ಪಾಲಿಗೆ ಯೇಸು ಎದ್ದು ಬಂದದ್ದೇ ಶುಕ್ರವಾರ!

ಆದ್ರೆ ಒಂದು ಮಾತು. ನಮಗೆ ಅಲ್ಲಿ ಸಿಕ್ಕಿದ್ದು ಪರ್ಮಿಶನ್. ಗೇಟಿನ ಒಳಗೆ ಏನು ಬೇಕಾದ್ರೂ ಪ್ರಾರ್ಥನೆ ಮಾಡಿ, ಗೇಟಿನ ಹೊರಗೆ ಒಬ್ಬ ಮುಸ್ಲಿಮನ ಕೈಗೆ ಬೈಬಲ್ ಕೊಡ್ಲಿಕ್ಕಿಲ್ಲ. ಮನೆಗೆ ಬಂದ ನೆಂಟರಿಗೆ ಒಳ್ಳೆ ರೂಮು ಕೊಟ್ಟ ಹಾಗೆ, ಎಷ್ಟು ಚಂದ ನೋಡ್ಕೊಂಡ್ರೂ ಗೋಡೆಗೆ ಮೊಳೆ ಹೊಡೆಯುವ ಮೊದಲು ಕೇಳಬೇಕು. ವೀಸಾ ಮುಗಿದ ದಿನ ನಾವು ಸೂಟ್‌ಕೇಸ್ ಕಟ್ಟುದು. ಅದಕ್ಕೇ ಗಲ್ಫ್ ನೋಡಿ "ಆ ದೇಶಗಳಲ್ಲಿ ಸ್ವಾತಂತ್ರ್ಯ ಉಂಟು" ಅಂತ ಹೇಳುವವರನ್ನೂ, "ಏನೂ ಇಲ್ಲ" ಅಂತ ಹೇಳುವವರನ್ನೂ ನಾನು ನಂಬುದಿಲ್ಲ. ಅಲ್ಲೇ ಹುಟ್ಟಿ ಅಲ್ಲೇ ಸಾಯುವವರಲ್ಲಿ ಕೇಳಬೇಕು.

ಫೈಲ್_ನಂ_12:
ಬಾಯಮ್ಮ ಅವರ ಕೊನೇ ಲೈನೇ ಅಸಲು ವಿಷಯ ಕಣ್ರೀ. ನೆಂಟರಿಗೆ ಕಾಲಂ ಅನ್ನೋದು ಒಂದು ಫಾರ್ಮಾಲಿಟಿ, ಸ್ವಂತ ಪ್ರಜೆಗಳಿಗೆ ಅದೇ ಕಾಲಂ ಜೀವನ. ಈಜಿಪ್ಟ್ ಬಹಾಯಿಗಳ (19ನೇ ಶತಮಾನದಲ್ಲಿ ಇರಾನಿನಲ್ಲಿ ಹುಟ್ಟಿದ ಬೇರೆಯೇ ಒಂದು ಧರ್ಮದವರು) ಕೇಸ್ ನಾನು ಓದಿದೀನಿ, ಗಿರ್ಮಿಟ್ ಅವರ ಪ್ರಶ್ನೆಗೆ ಇದಕ್ಕಿಂತ ಹತ್ರದ ಉದಾಹರಣೆ ಇಲ್ಲ.

1960ರಲ್ಲಿ ಅಲ್ಲಿನ ಅಧ್ಯಕ್ಷ ನಾಸೆರ್ ಒಂದು ಆದೇಶ ಹೊರಡಿಸಿ ಬಹಾಯಿ ಸಂಸ್ಥೆಗಳನ್ನೆಲ್ಲ ಮುಚ್ಚಿಸಿದ್ರು. ಆದ್ರೂ ಗುರುತಿನ ಚೀಟಿ ಕೈಯಲ್ಲಿ ಬರೆಯೋ ಕಾಲದಲ್ಲಿ ಹೇಗೋ ನಡೀತಿತ್ತು, ಗುಮಾಸ್ತ ಒಳ್ಳೆಯವನಾದ್ರೆ ಆ ಜಾಗದಲ್ಲಿ ಒಂದು ಗೀಟು ಹಾಕ್ತಿದ್ದ, ಇಲ್ಲಾ ಬಿಡ್ತಿದ್ದ. ಆಮೇಲೆ 90ರ ದಶಕದಲ್ಲಿ ಕಂಪ್ಯೂಟರ್ ಬಂತು, ಅದರಲ್ಲಿ ಇಸ್ಲಾಂ, ಕ್ರೈಸ್ತ, ಯಹೂದಿ ಮೂರೇ. ಮೂರರಲ್ಲಿ ಒಂದು ಸುಳ್ಳು ಹೇಳು, ಇಲ್ಲಾಂದ್ರೆ ಕಾರ್ಡ್ ಇಲ್ಲ. ಕಾರ್ಡ್ ಇಲ್ಲದಿದ್ರೆ ಬ್ಯಾಂಕ್ ಅಕೌಂಟಿಲ್ಲ, ಕಾಲೇಜಿಲ್ಲ, ಮಗುವಿನ ಜನನ ಪತ್ರ ಇಲ್ಲ. ಸುಳ್ಳು ಹೇಳೋದು ಅವರ ಧರ್ಮಕ್ಕೇ ವಿರುದ್ಧ, ಸರ್ಕಾರಿ ದಾಖಲೇಲಿ ಸುಳ್ಳು ಹೇಳೋದು ಕಾನೂನಿಗೂ ವಿರುದ್ಧ, ಅಂದ್ರೆ ಸರ್ಕಾರವೇ ಅಪರಾಧ ಮಾಡು ಅಂತ ಹೇಳಿದ ಹಾಗಾಯ್ತು. 2006 ಏಪ್ರಿಲ್‌ನಲ್ಲಿ ಆಡಳಿತ ಕೋರ್ಟ್ ಬಹಾಯಿಗಳ ಪರ ಹೇಳಿತು, ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟ್ ಅದನ್ನ ಉಲ್ಟಾ ಮಾಡಿತು. ಕೊನೆಗೆ ಅವರು ತಮ್ಮ ಬೇಡಿಕೆ ಎಷ್ಟು ಸಣ್ಣದು ಮಾಡ್ಕೊಂಡ್ರು ಅಂದ್ರೆ, ಬಹಾಯಿ ಅಂತ ಬರೀಬೇಡಿ ಸ್ವಾಮಿ, ಒಂದು ಅಡ್ಡಗೀಟು ಹಾಕಿ ಸಾಕು. 2008 ಜನವರಿಯಲ್ಲಿ ಕೋರ್ಟ್ ಅದಕ್ಕೆ ಒಪ್ಪಿತು, 2009 ಮಾರ್ಚ್‌ನಲ್ಲಿ ಮೇಲಿನ ಕೋರ್ಟ್ ಎತ್ತಿಹಿಡೀತು, ಆಗಸ್ಟ್‌ನಲ್ಲಿ ಗೀಟು ಇರೋ ಮೊದಲ ಕಾರ್ಡುಗಳು ಕೈಗೆ ಬಂದ್ವು.

ಒಂದು ಗೀಟಿಗೆ ಇಷ್ಟು ವರ್ಷ ಕೋರ್ಟು ಅಲೆದಾಟ. ಹಾಗಂತ ಎಲ್ಲ ಸರಿಹೋಯ್ತು ಅಂತಲ್ಲ, 2014ರ ಸಂವಿಧಾನದ 64ನೇ ವಿಧಿ ನಂಬಿಕೆಯ ಸ್ವಾತಂತ್ರ್ಯ ಪರಿಪೂರ್ಣ ಅನ್ನತ್ತೆ, ಮುಂದಿನ ಸಾಲಲ್ಲೇ ಆಚರಣೆ ಮತ್ತು ಪೂಜಾಸ್ಥಳದ ಹಕ್ಕು ಮಾತ್ರ 'ಆಕಾಶದಿಂದ ಬಂದ' ಧರ್ಮಗಳಿಗೆ ಅನ್ನತ್ತೆ, ಅಂದ್ರೆ ಮತ್ತೆ ಅದೇ ಮೂರು. ಮನಸ್ಸಲ್ಲಿ ಏನು ಬೇಕಾದ್ರೂ ಇಟ್ಕೋ, ಬೀದೀಲಿ ಗುಡಿ ಕಟ್ಬೇಡ.

ನೇರಮಾತು_ನಂಜುಂಡ:
ಎಲ್ಲಾ ಓದಿದೆ. ಕೊನೆಗೆ ಒಂದೇ ಮಾತು, ಅವರು ಜಾಸ್ತಿ ಇರೋ ಕಡೆ ಬೇರೆಯವರು ಬದುಕೋಕಾಗಲ್ಲ. ಅದನ್ನ ಹೇಳೋಕೆ ಇಷ್ಟುದ್ದ ಯಾಕೆ ಸ್ವಾಮಿ ಬರೀತೀರಾ.

ಭಟ್ಕಳ_ಹಲ್ವಾ:
ನಂಜುಂಡಣ್ಣ, ಉದ್ದ ಬರೆಯೋದು ಯಾಕೆ ಅಂದ್ರೆ ಒಂದು ಸಾಲಲ್ಲಿ ಹೇಳಿದ್ರೆ ತಪ್ಪಾಗ್ತದೆ, ಅದಕ್ಕೆ. ಸೆನೆಗಲ್ ದೇಶದಲ್ಲಿ ಬಹುಪಾಲು ಮುಸ್ಲಿಮರು, ಅವರ ಮೊದಲ ಅಧ್ಯಕ್ಷ ಸೆಂಘೋರ್ ಕ್ಯಾಥೊಲಿಕ್, 1960ರಿಂದ 1980ರವರೆಗೆ 20 ವರ್ಷ ಆಳಿದ್ರು. ಒಮಾನಿನಲ್ಲಿ ಕನಕಸಿ ಖಿಮ್ಜಿ ಅಂತ ಇದ್ರು, ಗುಜರಾತಿ ಮೂಲದ ಹಿಂದೂ, ಒಮಾನಿ ಪ್ರಜೆ, ಸುಲ್ತಾನರು ಶೇಖ್ ಅಂತ ಬಿರುದು ಕೊಟ್ಟಿದ್ರು. ಅದೇ ಗಲ್ಫಿನ ಕುವೈತ್‌ನಲ್ಲಿ 1982ರ ತಿದ್ದುಪಡಿ ಪ್ರಕಾರ ಮುಸ್ಲಿಮ್ ಅಲ್ಲದವನಿಗೆ ಹೊಸದಾಗಿ ಪೌರತ್ವವೇ ಇಲ್ಲ. ಎರಡೂ ಅರಬ್ಬರೇ, ಎರಡೂ ಮುಸ್ಲಿಮರೇ. ಹಾಗಾದ್ರೆ ಧರ್ಮಗ್ರಂಥ ಬೇರೆಯಾ? ಅಲ್ಲ, ಕಾನೂನು ಬರೆದವರ ಲೆಕ್ಕಾಚಾರ ಬೇರೆ.

ಇನ್ನೊಂದು, "ಅವರು" ಅಂದ್ರೆ ಯಾರು ಅಂತ ಸ್ವಲ್ಪ ಹೇಳಿ. ಶಾರ್ಜಾದಲ್ಲಿ ನನಗೊಬ್ಬ ಪಾಕಿಸ್ತಾನಿ ರೂಮ್‌ಮೇಟ್ ಇದ್ದ. ನಮಾಜ್ ಮಾಡ್ತಾನೆ, ಉಪವಾಸ ಹಿಡೀತಾನೆ, ಆದ್ರೆ ನಮ್ಮ ಜೊತೆ ಜುಮ್ಮಾಕ್ಕೆ ಬರೋದಿಲ್ಲ, ಏನೋ ನೆಪ ಹೇಳ್ತಾನೆ. ಎರಡು ವರ್ಷ ಆದ ಮೇಲೆ ಒಂದು ರಾತ್ರಿ ಪಾಸ್‌ಪೋರ್ಟ್ ರಿನ್ಯೂ ಫಾರಂ ಮುಂದೆ ಇಟ್ಕೊಂಡು ಕೂತಿದ್ದ. ಮುಸ್ಲಿಮ್ ಅಂತ ಟಿಕ್ ಮಾಡೋ ಪ್ರತಿಯೊಬ್ಬನೂ ಅದರಲ್ಲಿ ಸಹಿ ಹಾಕ್ಬೇಕು, ಮಿರ್ಜಾ ಗುಲಾಮ್ ಅಹಮದ್ ಸುಳ್ಳು ಪ್ರವಾದಿ, ಅವನ ಅನುಯಾಯಿಗಳು ಮುಸ್ಲಿಮರಲ್ಲ ಅಂತ. ನಮ್ಮ ರೂಮ್‌ಮೇಟ್ ಅಹಮದಿ, ಅಂದ್ರೆ ಆ ಮಿರ್ಜಾ ಅವರ ಅನುಯಾಯಿ. ಸಹಿ ಹಾಕಿದ್ರೆ ಅಪ್ಪ ಅಮ್ಮನ್ನ ಸುಳ್ಳು ಅಂದ ಹಾಗೆ, ಹಾಕದಿದ್ರೆ ಅವನು ಮುಸ್ಲಿಮನೇ ಅಲ್ಲ. ಪೆನ್ನಿನ ಕ್ಯಾಪ್ ತೆಗೆಯೋದು ಹಾಕೋದು, ತೆಗೆಯೋದು ಹಾಕೋದು. ನಾನು ಚಾ ಮಾಡಿ ಕೊಟ್ಟೆ, ಬೇರೆ ಎಂತ ಮಾಡೋದು. ಅವನು ಏನು ಬರೆದ ಅಂತ ನಾನು ಕೇಳ್ಲಿಲ್ಲ.

1974 ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಸಂವಿಧಾನಕ್ಕೆ ಭುಟ್ಟೋ ಕಾಲದಲ್ಲಿ ಆದ ಎರಡನೇ ತಿದ್ದುಪಡಿ ಅಹಮದಿಗಳನ್ನ ಮುಸ್ಲಿಮೇತರರು ಅಂತ ಮಾಡಿತು, 1984ರಲ್ಲಿ ಜಿಯಾ ಸುಗ್ರೀವಾಜ್ಞೆ ತಂದು, ಅವರು ತಮ್ಮ ಪ್ರಾರ್ಥನಾ ಸ್ಥಳವನ್ನ ಮಸೀದಿ ಅಂದ್ರೆ, ಅಜಾನ್ ಕೊಟ್ರೆ, ಮೂರು ವರ್ಷದವರೆಗೆ ಜೈಲು ಅಂತ ಮಾಡಿದ. ಅಬ್ದುಸ್ ಸಲಾಂ ಗೊತ್ತಲ್ಲ, 1979ರ ಭೌತಶಾಸ್ತ್ರದ ನೊಬೆಲ್, ಪಾಕಿಸ್ತಾನಕ್ಕೆ ಮೊದಲನೇದು. ಅವರೂ ಅಹಮದಿ. 1996ರಲ್ಲಿ ತೀರಿಕೊಂಡ ಮೇಲೆ ಅಹಮದಿಗಳ ಊರು ರಬ್ವಾದಲ್ಲಿ ಮಣ್ಣು ಮಾಡಿದ್ರು. ಕಲ್ಲಿನ ಮೇಲೆ 'ಮೊದಲ ಮುಸ್ಲಿಮ್ ನೊಬೆಲ್ ಪುರಸ್ಕೃತ' ಅಂತ ಇತ್ತು, ಅದರಲ್ಲಿ 'ಮುಸ್ಲಿಮ್' ಅನ್ನೋ ಪದದ ಮೇಲೆ ಬಣ್ಣ ಬಳಿದ್ರು. ಉಳಿದ ಸಾಲು ಹಾಗೇ ಇದೆ. ಸತ್ತವನ ಕಾಲಂ ಸಹ ಬಿಡ್ಲಿಲ್ಲ.

ನೇರಮಾತು_ನಂಜುಂಡ:
ಅಹಮದಿಗಳ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಕೋತೀನಿ. ಆದ್ರೆ ಪಾಕಿಸ್ತಾನದ ಹಿಂದೂಗಳ ಬಗ್ಗೆ ಯಾರೂ ಬಾಯಿ ಬಿಡಲ್ವಲ್ಲ. ಆಸಿಯಾ ಬೀಬಿ?

ಫೈಲ್_ನಂ_12:
ಬಿಡೋಣ, ಅದೇನು ಗುಟ್ಟಲ್ಲ. ಆಸಿಯಾ ಬೀಬಿ ಹೊಲದಲ್ಲಿ ಕೂಲಿ ಮಾಡ್ತಿದ್ದ ಕ್ರಿಶ್ಚಿಯನ್ ಹೆಂಗಸು, 2009ರ ಜೂನ್ ಬಿಸಿಲಲ್ಲಿ ನೀರು ಕುಡಿಯೋ ಪಾತ್ರೆ ವಿಷಯಕ್ಕೆ ಜೊತೆ ಕೆಲಸದವರ ಜೊತೆ ಮಾತಿಗೆ ಮಾತು ಬೆಳೀತು, ನೀನು ಮುಟ್ಟಿದ್ದನ್ನ ನಾವು ಕುಡಿಯಲ್ಲ ಅನ್ನೋ ಜಗಳ, ಓದಿದ್ರೆ ನಮ್ಮೂರ ಬಾವಿಕಟ್ಟೆ ನೆನಪಾಗತ್ತೆ. ಅದು ಹೋಗಿ ಪ್ರವಾದಿ ನಿಂದನೆ ಆಯ್ತು, 2010ರಲ್ಲಿ ಗಲ್ಲು ಶಿಕ್ಷೆ. ಅವಳ ಪರ ಮಾತಾಡಿದ ಪಂಜಾಬ್ ಗವರ್ನರ್ ಸಲ್ಮಾನ್ ತಾಸೀರ್ ಅವರನ್ನ 2011 ಜನವರಿ 4ಕ್ಕೆ ಅವರ ಬಾಡಿಗಾರ್ಡೇ ಗುಂಡಿಟ್ಟು ಕೊಂದ, ಎರಡು ತಿಂಗಳಿಗೆ ಅಲ್ಪಸಂಖ್ಯಾತರ ಸಚಿವ ಶಹಬಾಜ್ ಭಟ್ಟಿ. ಸುಪ್ರೀಂ ಕೋರ್ಟ್ 2018 ಅಕ್ಟೋಬರ್ 31ಕ್ಕೆ ಬಿಡುಗಡೆ ಮಾಡಿತು. ಗಮನಿಸಿ, ಗವರ್ನರ್ ಮುಸ್ಲಿಮರು, ಬಿಡುಗಡೆ ಮಾಡಿದ ಜಡ್ಜುಗಳೂ ಮುಸ್ಲಿಮರು, ಆ ತೀರ್ಪಿಗೆ ಬೀದಿ ಬಂದ್ ಮಾಡಿದವರೂ ಮುಸ್ಲಿಮರು.

ಹಿಂದೂಗಳದ್ದು ಇನ್ನೂ ಸಪ್ಪೆ ಅನಿಸೋ, ಆದ್ರೆ ಒಳಗೊಳಗೇ ಕೊರೆಯೋ ಸಮಸ್ಯೆ. ಸಿಂಧ್ ಪ್ರಾಂತ್ಯ 2016ರಲ್ಲಿ, ಕೇಂದ್ರ 2017ರಲ್ಲಿ ಹಿಂದೂ ಮದುವೆ ಕಾಯ್ದೆ ಮಾಡೋವರೆಗೆ ಅವರ ಮದುವೆ ನೋಂದಾಯಿಸೋಕೆ ಸರಿಯಾದ ಕಾನೂನೇ ಇರಲಿಲ್ಲ. ಲೆಕ್ಕ ಹಾಕಿ, ದೇಶ ಹುಟ್ಟಿ 70 ವರ್ಷ. ಮದುವೆ ಪತ್ರ ಇಲ್ಲದ ಹೆಂಗಸನ್ನ ಯಾರಾದ್ರೂ ಎತ್ಕೊಂಡು ಹೋಗಿ ಮತಾಂತರ ಮಾಡಿ ನಿಕಾಹ್ ಆಯ್ತು ಅಂದ್ರೆ, ಗಂಡ ಕೋರ್ಟಲ್ಲಿ ಇವಳು ನನ್ನ ಹೆಂಡ್ತಿ ಅಂತ ಯಾವ ಕಾಗದ ತೋರಿಸ್ತಾನೆ? ಜಿನ್ನಾ 1947 ಆಗಸ್ಟ್ 11ರ ಭಾಷಣದಲ್ಲಿ ನಿಮ್ಮ ಧರ್ಮಕ್ಕೂ ರಾಜ್ಯಾಡಳಿತಕ್ಕೂ ಸಂಬಂಧ ಇಲ್ಲ ಅಂದಿದ್ರು, ಮೊದಲ ಕಾನೂನು ಮಂತ್ರಿ ದಲಿತ ನಾಯಕ ಜೋಗೇಂದ್ರನಾಥ ಮಂಡಲ್. 1950ಕ್ಕೇ ಮಂಡಲ್ ರಾಜೀನಾಮೆ ಬರೆದು ಭಾರತಕ್ಕೆ ಬಂದುಬಿಟ್ರು.

ಬಾಲಿ_ಟು_ಬಳ್ಳಾರಿ:
ಗಿರ್ಮಿಟ್ ಅಣ್ಣಾ, ನಿನ್ನ ಲಿಂಗಾಯತ ಡೌಟ್‌ಗೆ ಸರಿಯಾದ ಊರು ಇಂಡೋನೇಷ್ಯಾ. ನಾನು ಜಕಾರ್ತಾದಾಗ ನಾಕು ವರ್ಷ ಇದ್ದೆ, ಅಲ್ಲಿ ಸರ್ಕಾರ ಒಪ್ಪಿರೋದು ಆರೇ ಧರ್ಮ. ಇಸ್ಲಾಂ, ಪ್ರೊಟೆಸ್ಟೆಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ, ಕನ್ಫ್ಯೂಷಿಯನ್. ಬಾಲಿಯವರು ಹಿಂದೂ ಅಂತ ಲಿಸ್ಟಿಗೆ ಸೇರಾಕೆ 1950ರ ದಶಕದಾಗ ಬಾಳ ಒದ್ದಾಡಿದ್ರಂತೆ, ಯಾಕಂದ್ರೆ ಅಲ್ಲಿ ಧರ್ಮ ಅನ್ನಿಸಿಕೊಳ್ಳಾಕೆ ಒಬ್ಬನೇ ದೇವರು, ಒಂದು ಗ್ರಂಥ ಇರಬೇಕಿತ್ತು. ಅವ್ರು ಸಂಗ್ ಹ್ಯಾಂಗ್ ವಿಧಿ ವಾಸ ಅಂತ ಒಬ್ಬ ಪರಮದೇವರನ್ನ ಮುಂದಿಟ್ರು, ಉಳಿದವರೆಲ್ಲ ಆತನ ರೂಪ ಅಂದ್ರು. ಬಾಲಿ ಗುಡಿಗಳಾಗೆ ಪದ್ಮಾಸನ ಅಂತ ಎತ್ತರದ ಕಲ್ಲಿನ ಕುರ್ಚಿ ಇರ್ತದೆ, ಮೇಲೆ ಯಾರೂ ಇಲ್ಲ, ಖಾಲಿ. ನಮ್ಮ ಅತ್ತೆ ಬಂದಾಗ "ದೇವ್ರು ಎಲ್ಲಿಗ್ ಹೋದ" ಅಂತ ಕೇಳಿದ್ಲು. ನಾನು ಆಫೀಸ್ ಕೆಲಸಕ್ಕೆ ಹೋಗ್ಯಾನೆ ಅಂದೆ.

ಆರರಾಗ ಇಲ್ಲದವರ ಕಥೆ ಬೇರೆ. ಪಶ್ಚಿಮ ಜಾವಾದಾಗ ಸುಂದಾ ವಿವಿತಾನ್ ಅಂತ ಹಳೇ ನಂಬಿಕೆಯವ್ರು, ಇಸ್ಲಾಂಗಿಂತ ಮೊದ್ಲಿಂದ ಇರೋರು. ಅವರ ಕಾರ್ಡಿನಾಗ ಕಾಲಂ ಖಾಲಿ ಇರ್ತಿತ್ತು. ಖಾಲಿ ಅಂದ್ರೆ ಊರಿನ ಜನ ನಾಸ್ತಿಕ ಅಂತಾರೆ, ನಾಸ್ತಿಕ ಅಂದ್ರೆ ಅಲ್ಲಿ 1965ರ ಕಮ್ಯುನಿಸ್ಟರ ಹತ್ಯಾಕಾಂಡ ಆದ ಮೇಲೆ ಕಮ್ಯುನಿಸ್ಟ್ ಅಂತ ಅರ್ಥ, ಕಮ್ಯುನಿಸ್ಟ್ ಅಂದ್ರೆ ಏನಾಗಿತ್ತು ಅಂತ ಅವರ ಅಜ್ಜಂದಿರಿಗೆ ಗೊತ್ತೈತೆ. 2017 ನವೆಂಬರ್‌ನಾಗ ಸಂವಿಧಾನ ಕೋರ್ಟ್ ಹೇಳ್ತು, ಇಂಥ ನಂಬಿಕೆಯವರ್ನೂ ಕಾರ್ಡಿನಾಗ ಬರೀಬೇಕು ಅಂತ. ಅದು ಒಳ್ಳೇ ತೀರ್ಪು. ಆದ್ರೆ ಅದೇ ದೇಶದಾಗ ಹೊಸಾ ಚರ್ಚೋ ಗುಡಿಯೋ ಕಟ್ಟಬೇಕಂದ್ರೆ 2006ರ ನಿಯಮದ ಪ್ರಕಾರ 90 ಜನ ಭಕ್ತರ ಹೆಸರು, ಜೊತೆಗೆ ಸುತ್ತಮುತ್ತಲಿನ 60 ಜನರ ಸಹಿ. ಅಲ್ಪಸಂಖ್ಯಾತರು ಪಕ್ಕದ ಮನೆಯವರ ಬಾಗಿಲಿಗೆ ಹೋಗಿ ಸಹಿ ಬೇಡಬೇಕು! ಬಾಲಿಯಾಗ ಇದೇ ನಿಯಮ ಮಸೀದಿ ಕಟ್ಟೋರಿಗೂ ತೊಡಕಾಗ್ತದೆ, ಅದನ್ನೂ ಹೇಳಬೇಕಲ್ಲ.

ಬಜಪೆ_ಬಾಯಮ್ಮ:
ಮಲೇಷ್ಯಾದ ಲೀನಾ ಜಾಯ್ ಕೇಸೂ ಇದೇ ಕಾಲಂ ಅಲ್ಲವಾ? ನಮ್ಮ ಚರ್ಚಿನಲ್ಲಿ ಆಗ ಬಹಳ ಮಾತಾಗಿತ್ತು.

ಫೈಲ್_ನಂ_12:
ಹೌದು ಅಮ್ಮ. ಮಲಯ್ ಮುಸ್ಲಿಮ್ ಆಗಿ ಹುಟ್ಟಿದ ಹೆಂಗಸು, ಕ್ರಿಶ್ಚಿಯನ್ ಆದ್ರು, ಕಾರ್ಡಲ್ಲಿ ಹೆಸರು ಬದಲಾಯಿಸಿ ಕೊಟ್ರು, ಆದ್ರೆ 'ಇಸ್ಲಾಂ' ಅನ್ನೋ ಪದ ತೆಗೆಯಲ್ಲ ಅಂದ್ರು. ಷರಿಯಾ ಕೋರ್ಟಿಂದ ಸರ್ಟಿಫಿಕೇಟ್ ತಗೊಂಬಾ ಅಂದ್ರು. ಆ ಪದ ಇದ್ರೆ ಮುಸ್ಲಿಮೇತರನ್ನ ಮದುವೆ ಆಗೋ ಹಾಗಿಲ್ಲ. 2007 ಮೇ 30ಕ್ಕೆ ಫೆಡರಲ್ ಕೋರ್ಟ್ 2-1ರಲ್ಲಿ ಅವರ ವಿರುದ್ಧ ಹೇಳಿತು. ಮಲೇಷ್ಯಾ ಸಂವಿಧಾನದ 160ನೇ ವಿಧಿ ಮಲಯ್ ಅಂದ್ರೇನೇ ಇಸ್ಲಾಂ ಅನುಸರಿಸೋನು ಅಂತ ವ್ಯಾಖ್ಯೆ ಕೊಡತ್ತೆ, ಹಂಗಾಗಿ ಧರ್ಮ ಬಿಟ್ರೆ ಜನಾಂಗವನ್ನೂ ಬಿಟ್ಟ ಹಾಗೆ. ಹಂಗಂತ ಕೋರ್ಟು ಯಾವಾಗ್ಲೂ ಹಾಗೇ ಅಂತಲ್ಲ, ಇಪೋದ ಇಂದಿರಾ ಗಾಂಧಿ ಅನ್ನೋ ಹಿಂದೂ ಟೀಚರ್ ಕೇಸಲ್ಲಿ (ಹೌದು, ಅದೇ ಹೆಸರು) ಗಂಡ ಒಬ್ಬನೇ ಮತಾಂತರ ಆಗಿ ಮೂರು ಮಕ್ಕಳನ್ನೂ ಕಾಗದದಲ್ಲಿ ಮತಾಂತರ ಮಾಡಿದ್ದ. ತಂದೆತಾಯಿ ಇಬ್ಬರ ಒಪ್ಪಿಗೆ ಬೇಕು ಅಂತ 2018 ಜನವರಿಯಲ್ಲಿ ಅದೇ ಫೆಡರಲ್ ಕೋರ್ಟ್ ಹೇಳಿತು. ಕೇಸ್ ಗೆದ್ರು, 11 ತಿಂಗಳ ಕೂಸಾಗಿದ್ದಾಗ ಗಂಡ ಎತ್ಕೊಂಡು ಹೋಗಿದ್ದ ಮಗಳು ಮಾತ್ರ ತೀರ್ಪು ಬಂದ ಮೇಲೂ ಕೈಗೆ ಸಿಗಲಿಲ್ಲ.

ಕಾಲಂ ತೆಗೆದುಹಾಕಿದ್ರೆ ಮುಗೀತಲ್ಲ ಅಂತೀರಾ? ಆ ಕಾಲಂ ಇದ್ರೆ ಏನು ಬೆಲೆ ಕೊಡಬೇಕು ಅಂತ ಲೆಬನಾನ್ ಜನಕ್ಕೆ ಗೊತ್ತು. 1975 ಡಿಸೆಂಬರ್ 6, ಬೈರೂತ್‌ನಲ್ಲಿ ರಸ್ತೆ ಅಡ್ಡಗಟ್ಟಿ ಕಾರ್ಡ್ ನೋಡಿ ನೋಡಿ ಕೊಂದ್ರು. ಅವತ್ತು ಕೊಂದವರು ಕ್ರಿಶ್ಚಿಯನ್ ಸೇನಾಪಡೆಯವರು, ಸತ್ತವರು ಹೆಚ್ಚಾಗಿ ಮುಸ್ಲಿಮರು, ನಂಜುಂಡ ಅವರೇ. ಇರಾನ್ 2020ರಲ್ಲಿ ಉಲ್ಟಾ ಮಾಡಿತು, ಕಾಲಂ ಉಳಿಸ್ಕೊಂಡು ಗುರುತಿನ ಚೀಟಿ ಫಾರಂನಲ್ಲಿದ್ದ 'ಇತರೆ' ಅನ್ನೋ ಆಯ್ಕೆ ತೆಗೆದುಹಾಕಿತು, ಅಲ್ಲಿನ ಬಹಾಯಿಗಳಿಗೆ ಮತ್ತೆ ಈಜಿಪ್ಟ್ ಕಥೆ.

ನೇರಮಾತು_ನಂಜುಂಡ:
ನಮ್ಮ ದೇಶದಲ್ಲಿ ಇಂಥದ್ದು ಇಲ್ಲ ಅಂತ ಸಮಾಧಾನ.

ಭಟ್ಕಳ_ಹಲ್ವಾ:
ಇಲ್ಲ ಅಂತ ಯಾರು ಹೇಳಿದ್ರು? 1950ರ ಪರಿಶಿಷ್ಟ ಜಾತಿ ಆದೇಶ ತೆಗೆದು ನೋಡಿ. ದಲಿತನೊಬ್ಬ ಕ್ರಿಶ್ಚಿಯನ್ ಅಂತ ಬರೆಸಿದ ದಿನ ಅವನ ಎಸ್‌ಸಿ ಸರ್ಟಿಫಿಕೇಟ್ ಹೋಯ್ತು. ಸಿಖ್ಖರನ್ನ 1956ರಲ್ಲಿ ಸೇರಿಸಿದ್ರು, ಬೌದ್ಧರನ್ನ 1990ರಲ್ಲಿ, ಉಳಿದವರು ಇವತ್ತಿಗೂ ಹೊರಗೆ. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ, ಇಲ್ಲಿ ಧರ್ಮ ಬಿಟ್ಟವನನ್ನ ಜೈಲಿಗೆ ಹಾಕುವ ಕಾನೂನಿಲ್ಲ, ನಾನು ನಾಳೆ ಕೋರ್ಟಿಗೆ ಹೋಗಿ ಸರ್ಕಾರದ ಮೇಲೆ ಕೇಸ್ ಹಾಕಬಹುದು, ಶಾರ್ಜಾದಲ್ಲಿ ಅದನ್ನ ಕನಸಲ್ಲೂ ಯೋಚಿಸ್ಲಿಲ್ಲ. ಆದ್ರೆ ಕಾಲಂ ಅಂತ ಬಂದಾಗ ಎದುರುಮನೆ ಮಾತ್ರ ನೋಡೋದು ಬೇಡ.

ದಮ್ಮಾಮ್_ಭಟ್ರು:
ಆ ಹುಡುಗ ವೀಸಾ ಕೇಳಿದ್ದು ಮಾರ್ರೆ, ನೀವು ಬೈರೂತಿಗೆ ಹೋಗಿ ಬಂದ್ರಿ. ಗಿರ್ಮಿಟ್, ಇದ್ದೀಯಾ?

ಗಿರ್ಮಿಟ್_ಗದಗ:
ಅದೀನ್ರಿ ಕಾಕಾ, ಎಲ್ಲಾ ಓದೀನಿ, ಎರಡು ಸಲ ಓದೀನಿ. ನಿನ್ನೆ ಫಾರಂ ಕಳಿಸಿದೆ, ಹಿಂದೂ ಅಂತ ಹಾಕಿ. ಅಪ್ಪಗ ಹೇಳಿಲ್ಲ. ಹಾಕೋವಾಗ ಆ ಶಾರ್ಜಾ ರೂಮ್‌ಮೇಟ್‌ನ ಪೆನ್ನಿನ ಕ್ಯಾಪ್ ನೆನಪಾತು, ನಂದೇನ್ ಅಷ್ಟು ದೊಡ್ಡದಲ್ಲ, ಒಂದು ಕ್ಲಿಕ್, ಆದ್ರೂ ಒಂದೀಟು ಹೊತ್ತು ಕೈ ನಿಂತಿತ್ತು. ಈಗ ಇನ್ನೊಂದು ಪ್ರಶ್ನೆ. ನಾ ಇಷ್ಟಲಿಂಗ ಕಟ್ಟಿಕೊಂಡಾಂವ, ಕೊಳ್ಳಾಗ ಬೆಳ್ಳಿ ಕರಡಿಗಿ ಇರ್ತೈತಿ. ಗುಡಿ ಬ್ಯಾಡ, ಗಂಟಿ ಬ್ಯಾಡ, ಅಂಗೈ ಮ್ಯಾಲೆ ಇಟ್ಕೊಂಡ್ರ ಪೂಜಿ ಆತು, ಹಂಗ ನೋಡಿದ್ರ ನಿಮ್ಮ ಚಮಚ ಲೋಟಕ್ಕಿಂತ ನಮ್ದ ಛಲೋ. ಏರ್‌ಪೋರ್ಟ್‌ನಾಗ ಕರಡಿಗಿ ಬಿಚ್ಚಸ್ತಾರೇನು? ಮತ್ತ ನಮ್ಮವ್ವ ಎರಡು ಕೆಜಿ ವಿಭೂತಿ ಪುಡಿ ಕಟ್ಟಿ ಇಟ್ಟಾಳ.

ದಮ್ಮಾಮ್_ಭಟ್ರು:
ಕರಡಿಗೆ ಅಂಗಿಯ ಒಳಗೆ ಇರ್ಲಿ, ಸ್ಕ್ಯಾನರ್‌ನಲ್ಲಿ ಕೂಗಿದ್ರೆ ತೆಗೆದು ಟ್ರೇಯಲ್ಲಿ ಇಡು, ಕೇಳಿದ್ರೆ ಕುಟುಂಬದ್ದು, ಯಾವಾಗಲೂ ಹಾಕಿಕೊಳ್ಳುದು ಹೇಳು, ವಾದಕ್ಕೆ ಹೋಗ್ಬೇಡ. ವಿಭೂತಿ ಮಾತ್ರ ಪುಡಿ ಬೇಡವೇ ಬೇಡ. ಎರಡು ಕೆಜಿ ಬಿಳಿ ಪುಡಿ ಪ್ಲಾಸ್ಟಿಕ್ ಕಟ್ಟಿನಲ್ಲಿ ತೆಗೊಂಡು ಸೌದಿ ಕಸ್ಟಮ್ಸ್ ಮುಂದೆ ನಿಂತ್ರೆ ಅವರು ನಿನ್ನ ಧರ್ಮ ಯಾವುದು ಅಂತ ಕೇಳುದಿಲ್ಲ ಮಾರಾಯ, ಬೇರೆಯೇ ಕೇಳ್ತಾರೆ. ಗಟ್ಟಿ ವಿಭೂತಿ ಎರಡು ತೆಗೊಂಡು ಹೋಗು, ಒಂದು ವರ್ಷ ಬರ್ತದೆ. ಅಮ್ಮನಿಗೆ ನಾನು ಹೇಳಿದೆ ಅಂತ ಹೇಳು.